ದೊಡ್ಡಾಸ್ಪತ್ರೆಯೂ ಪಿತ್ತಕೋಶದ ಕಲ್ಲೂ



ನಮ್ಮ ಆಡುಮಾತಿನಲ್ಲಿ ‘ದೊಡ್ಡಾಸ್ಪತ್ರೆ’ ಎಂಬ ಪದವಿದೆ. ಮೈಸೂರಿನವರಿಗೆ ಅದು ಕೆ.ಆರ್. ಆಸ್ಪತ್ರೆ, ಉಳಿದ ಊರುಗಳಲ್ಲಿ ಜಿಲ್ಲಾಸ್ಪತ್ರೆಯೋ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೋ ಆ ಹೆಸರನ್ನು ಹೊತ್ತಿರುತ್ತದೆ. ‘ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ’ ಎಂದು ತಾಲ್ಲೂಕಿನ ಡಾಕ್ಟರು ಹೇಳಿದರೆ ಮನೆಯವರಿಗೆ ಎದೆ ಝಲ್ಲೆನ್ನುತ್ತದೆ, ಅದರ ಬೆನ್ನಿಗೇ ಒಂದು ಧೈರ್ಯವೂ ಬರುತ್ತದೆ. ಕಟ್ಟಡ ದೊಡ್ಡದಾದಷ್ಟೂ ಕೈ ಪಳಗಿದ್ದು, ಕೈ ಪಳಗಿದಷ್ಟೂ ಜೀವ ಭದ್ರ ಎಂಬ ನಂಬಿಕೆ ಆ ಒಂದು ಪದದೊಳಗೆ ಗಂಟು ಹಾಕಿಕೊಂಡು ಕುಳಿತಿದೆ. ಈ ನಂಬಿಕೆ ಎಷ್ಟರಮಟ್ಟಿಗೆ ನಿಜ ಎಂಬುದನ್ನು ಒಂದೇ ಒಂದು ಶಸ್ತ್ರಚಿಕಿತ್ಸೆಯ ಮೇಲೆ ಉಜ್ಜಿ ನೋಡುವುದು ಇವತ್ತಿನ ಉಪನ್ಯಾಸದ ಉದ್ದೇಶ. ಆ ಶಸ್ತ್ರಚಿಕಿತ್ಸೆ ಪಿತ್ತಕೋಶವನ್ನು ಲ್ಯಾಪ್ರೊಸ್ಕೋಪಿಯಿಂದ ತೆಗೆಯುವುದು. ಹೊಟ್ಟೆ ಕೊಯ್ಯದೆ, ತೂತು ಹಾಕಿ ಮಾಡುವ ಆಪರೇಷನ್ ಎಂದು ಜನ ಹೇಳುವುದು ಇದನ್ನೇ. ಮೊದಲು ‘ದೊಡ್ಡದು ಒಳ್ಳೆಯದು’ ಎಂಬ ಮಾತಿಗೆ ಲೆಕ್ಕದ ಬಲ ಎಲ್ಲಿಂದ ಬಂತೆಂದು ನೋಡೋಣ. ಆಮೇಲೆ ಪಿತ್ತಕೋಶದ ವಿಷಯದಲ್ಲಿ ಆ ಲೆಕ್ಕ ಏನನ್ನುತ್ತದೆ, ನಿಜವಾದ ಅಪಾಯ ಎಲ್ಲಿ ಅಡಗಿದೆ ಎಂಬುದಕ್ಕೆ ಬರುತ್ತೇನೆ. ಕೊನೆಯಲ್ಲಿ ನಮ್ಮ ರಾಜ್ಯದ ಮಟ್ಟಿಗೆ ಇದರಿಂದ ಏನು ಹೊರಡುತ್ತದೆ ಎಂಬುದನ್ನು ಹೇಳುತ್ತೇನೆ.

ರೋಗದ ಪರಿಚಯ ಎರಡೇ ಮಾತಿನಲ್ಲಿ ಸಾಕು. ಯಕೃತ್ತಿನ ಅಡಿಗೆ ಅಂಟಿಕೊಂಡಿರುವ, ಸಣ್ಣ ಬದನೆಕಾಯಿಯಷ್ಟಿರುವ ಚೀಲ ಪಿತ್ತಕೋಶ. ಪಿತ್ತರಸವನ್ನು ಕೂಡಿಟ್ಟು, ಜಿಡ್ಡಿನ ಊಟ ಒಳಗೆ ಹೋದಾಗ ಹಿಂಡಿ ಕರುಳಿಗೆ ಬಿಡುವುದು ಅದರ ಕೆಲಸ. ಅಲ್ಲಿ ಕಲ್ಲು ಕಟ್ಟಿಕೊಂಡವರಲ್ಲಿ ಹೆಚ್ಚಿನವರಿಗೆ ಜನ್ಮವಿಡೀ ಅದರ ಸುಳಿವೇ ಸಿಗುವುದಿಲ್ಲ. ಕಲ್ಲು ಬಾಯಿಗೆ ಅಡ್ಡ ಸಿಕ್ಕಾಗ ನೋವು, ಉರಿಯೂತ, ಕೀವು, ಕೆಳಗೆ ಜಾರಿದಾಗ ಕಾಮಾಲೆ ಅಥವಾ ಮೇದೋಜೀರಕ ಗ್ರಂಥಿಯ ಊತ. ಚೀಲವನ್ನೇ ತೆಗೆದುಹಾಕುವ ಶಸ್ತ್ರಚಿಕಿತ್ಸೆಯನ್ನು 1882ರಲ್ಲಿ ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಕ್ ಮೊದಲು ಮಾಡಿದರು. ಅದೇ ಕೆಲಸವನ್ನು ರಂಧ್ರದ ಮೂಲಕ ಮಾಡಿ ತೋರಿಸಿದವರು ಜರ್ಮನಿಯ ಬೋಬ್ಲಿಂಗೆನ್ ಎಂಬ ಪಟ್ಟಣದ ಎರಿಕ್ ಮ್ಯೂಹೆ, 1985ರ ಸೆಪ್ಟೆಂಬರಿನಲ್ಲಿ. ಅವರ ದೇಶದ ಹಿರಿಯ ಶಸ್ತ್ರವೈದ್ಯರು ಆ ಕೆಲಸವನ್ನು ಆಗ ಅನುಮಾನದಿಂದಲೇ ಕಂಡರು. ಎರಡು ವರ್ಷದ ನಂತರ ಫ್ರಾನ್ಸಿನ ಲಿಯೋನ್ ನಗರದಲ್ಲಿ ಫಿಲಿಪ್ ಮೂರೆ ವಿಡಿಯೊ ಪರದೆ ನೋಡಿಕೊಂಡು ಇದನ್ನು ಮಾಡಿದ ಮೇಲೆ ವಿಧಾನ ಕಾಳ್ಗಿಚ್ಚಿನಂತೆ ಹಬ್ಬಿತು. ಭಾರತದಲ್ಲಿ 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಟೆಹೆಮ್ಟನ್ ಉದ್ವಾಡಿಯಾ ಇದನ್ನು ಆರಂಭಿಸಿದರು. ಜೆ.ಜೆ. ಬಡವರು ಬರುವ ಸರ್ಕಾರಿ ಆಸ್ಪತ್ರೆ ಎಂಬುದನ್ನು ಇಲ್ಲಿ ಮರೆಯಬಾರದು. ರಂಧ್ರದ ಶಸ್ತ್ರಚಿಕಿತ್ಸೆ ಹಣವಂತರ ಸೌಕರ್ಯವಲ್ಲ, ಬೇಗ ಕೂಲಿಗೆ ಮರಳಬೇಕಾದವರಿಗೇ ಅದು ಹೆಚ್ಚು ಬೇಕಾದದ್ದು ಎಂದು ಅವರು ವಾದಿಸಿದ್ದರು.

ಈಗ ಮೊದಲನೆಯ ಪ್ರಶ್ನೆಗೆ ಬರೋಣ. ‘ದೊಡ್ಡದು ಒಳ್ಳೆಯದು’ ಎಂಬುದಕ್ಕೆ ಅಂಕಿಗಳ ಆಧಾರ ಒದಗಿದ್ದು 1979ರಲ್ಲಿ. ಅಮೆರಿಕದ ಹೆರಾಲ್ಡ್ ಲುಫ್ಟ್, ಜಾನ್ ಬಂಕರ್ ಮತ್ತು ಆಲೆನ್ ಎಂಟೋವೆನ್ 1,498 ಆಸ್ಪತ್ರೆಗಳಲ್ಲಿ ನಡೆದ 12 ಬಗೆಯ ಶಸ್ತ್ರಚಿಕಿತ್ಸೆಗಳ ಸಾವಿನ ಪ್ರಮಾಣವನ್ನು ಒಟ್ಟಿಗೆ ಇಟ್ಟು ನೋಡಿದರು. ತೆರೆದ ಹೃದಯದ ಶಸ್ತ್ರಚಿಕಿತ್ಸೆ, ರಕ್ತನಾಳದ ಶಸ್ತ್ರಚಿಕಿತ್ಸೆ ಇಂಥವನ್ನು ವರ್ಷಕ್ಕೆ 200 ಅಥವಾ ಅದಕ್ಕಿಂತ ಹೆಚ್ಚು ಮಾಡುವ ಆಸ್ಪತ್ರೆಗಳಲ್ಲಿ ಸಾವು ಉಳಿದೆಡೆಗಿಂತ ಶೇಕಡ 25ರಿಂದ 41ರಷ್ಟು ಕಡಿಮೆ ಇತ್ತು. ಶಸ್ತ್ರಚಿಕಿತ್ಸೆಗಳನ್ನು ಕೆಲವೇ ಕೇಂದ್ರಗಳಿಗೆ ಒಟ್ಟುಗೂಡಿಸಬೇಕು ಎಂಬ ನೀತಿಯ ಚರ್ಚೆ ಜಗತ್ತಿನಾದ್ಯಂತ ಬಲಗೊಂಡದ್ದು ಈ ಪ್ರಬಂಧದಿಂದ. 2002ರಲ್ಲಿ ಜಾನ್ ಬರ್ಕ್‌ಮೇಯರ್ ಮತ್ತು ಸಂಗಡಿಗರು 25 ಲಕ್ಷ ಶಸ್ತ್ರಚಿಕಿತ್ಸೆಗಳ ದಾಖಲೆಯಿಂದ ಇದನ್ನು ಮತ್ತಷ್ಟು ಗಟ್ಟಿ ಮಾಡಿದರು. ಮೇದೋಜೀರಕ ಗ್ರಂಥಿಯನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯನ್ನು ತೀರ ಅಪರೂಪಕ್ಕೆ ಮಾಡುವ ಆಸ್ಪತ್ರೆಗಳಲ್ಲಿ ನೂರಕ್ಕೆ 16 ಮಂದಿ ಸಾಯುತ್ತಿದ್ದರೆ, ಪದೇ ಪದೇ ಮಾಡುವ ಕಡೆ ಸಾಯುತ್ತಿದ್ದವರು ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಇಂಥ ಅಂತರವನ್ನು ನೋಡಿದ ಮೇಲೆ ಆ ರೋಗಿಯನ್ನು ಊರಲ್ಲೇ ಇಟ್ಟುಕೊಳ್ಳುವುದಕ್ಕೆ ಯಾವ ಸಮರ್ಥನೆಯೂ ಉಳಿಯುವುದಿಲ್ಲ.

ಆದರೆ 1979ರ ಅದೇ ಪ್ರಬಂಧದಲ್ಲಿ ಇನ್ನೊಂದು ಸಾಲಿತ್ತು. ಆಸ್ಪತ್ರೆ ಎಷ್ಟು ಮಾಡುತ್ತದೆ ಎಂಬುದಕ್ಕೂ ಸಾವಿಗೂ ಸಂಬಂಧವೇ ಕಾಣದ ಶಸ್ತ್ರಚಿಕಿತ್ಸೆಗಳೂ ಇವೆ ಎಂದು ಹೇಳಿ, ಅದಕ್ಕೆ ಉದಾಹರಣೆಯಾಗಿ ಅವರು ಕೊಟ್ಟದ್ದು ಪಿತ್ತಕೋಶ ತೆಗೆಯುವುದನ್ನು. ದೊಡ್ಡ ಕೇಂದ್ರಗಳ ಪರವಾಗಿ ವಾದಿಸುವವರೆಲ್ಲ ಆ ಪ್ರಬಂಧದ ಮೊದಲ ಭಾಗವನ್ನು ಎತ್ತಿಕೊಂಡರು. ಈ ಸಾಲು ಬದಿಗೆ ಸರಿಯಿತು. ಅದು ಹೊಟ್ಟೆ ಕೊಯ್ದು ಮಾಡುತ್ತಿದ್ದ ಕಾಲದ ಮಾತು, ಲ್ಯಾಪ್ರೊಸ್ಕೋಪಿಯ ಕಸುಬೇ ಬೇರೆ ಎಂದು ಯಾರಾದರೂ ಆಕ್ಷೇಪಿಸಿದರೆ ಅದು ಸರಿಯಾದ ಆಕ್ಷೇಪವೇ. ಹಾಗಾಗಿ ಹೊಸ ಕಾಲದ ಪುರಾವೆಯನ್ನೇ ನೋಡೋಣ.

ಈ ವಿಷಯದಲ್ಲಿ ನಾನು ಹೆಚ್ಚು ತೂಕ ಕೊಡುವುದು ಸ್ಕಾಟ್ಲೆಂಡಿನಿಂದ ಬಂದ ಅಧ್ಯಯನಕ್ಕೆ. ಒಂದು ಇಡೀ ದೇಶದ ಸಾರ್ವಜನಿಕ ಆಸ್ಪತ್ರೆಗಳ ದಾಖಲೆ ಒಂದೇ ಕಡೆ ಸಿಗುವುದರಿಂದ ಅಲ್ಲಿ ಯಾವ ಆಸ್ಪತ್ರೆಯೂ ಲೆಕ್ಕದಿಂದ ತಪ್ಪಿಸಿಕೊಳ್ಳುವುದಿಲ್ಲ. ಎವೆನ್ ಹ್ಯಾರಿಸನ್ ಮತ್ತು ಸಂಗಡಿಗರು 1998ರಿಂದ 2007ರವರೆಗೆ 37 ಆಸ್ಪತ್ರೆಗಳಲ್ಲಿ ಪಿತ್ತಕೋಶ ತೆಗೆಸಿಕೊಂಡ ಸುಮಾರು 60 ಸಾವಿರ ಮಂದಿಯ ಫಲಿತಾಂಶವನ್ನು 2012ರಲ್ಲಿ ಬಿ.ಎಂ.ಜೆ. ಪತ್ರಿಕೆಯಲ್ಲಿ ಪ್ರಕಟಿಸಿದರು. ಹೆಚ್ಚು ಮಾಡುವ ಆಸ್ಪತ್ರೆಗಳಿಗೆ ತುರ್ತು ರೋಗಿಗಳು ಹೆಚ್ಚು ಬರುತ್ತಿದ್ದರು, ಅಂದರೆ ಕಷ್ಟದ ರೋಗಿಗಳು. ಹಾಗಿದ್ದೂ ಅಲ್ಲಿ ಹೆಚ್ಚು ಮಂದಿಗೆ ರಂಧ್ರದ ಮೂಲಕವೇ ಕೆಲಸ ಮುಗಿಯುತ್ತಿತ್ತು. ಕಡಿಮೆ ಮಾಡುವ ಆಸ್ಪತ್ರೆಗಳಲ್ಲಿ ಸಾವಿನ ಸಂಭವ ಸುಮಾರು ಒಂದೂವರೆ ಪಟ್ಟು ಇತ್ತು. ಇಲ್ಲಿಗೇ ನಿಲ್ಲಿಸಿದರೆ ದೊಡ್ಡಾಸ್ಪತ್ರೆಯೇ ಗೆದ್ದಂತೆ. ಆದರೆ ಸಂಶೋಧಕರು ಅಲ್ಲಿಗೆ ನಿಲ್ಲಿಸಲಿಲ್ಲ. ಸಾಧಾರಣ ಅಪಾಯದ ರೋಗಿಗೆ ಈ ವ್ಯತ್ಯಾಸ ನಗಣ್ಯವೆಂದೂ, ರೋಗಿಯ ಅಪಾಯ ಏರಿದಂತೆ ಮಾತ್ರ ಅದಕ್ಕೆ ಅರ್ಥ ಬರುತ್ತದೆಂದೂ ಸ್ಪಷ್ಟವಾಗಿ ಬರೆದರು. ಒಂದೂವರೆ ಪಟ್ಟು ಎಂಬ ಮಾತು ಕಿವಿಗೆ ಭಾರಿಯಾಗಿ ಕೇಳಿಸುತ್ತದೆ. ಬೇರೆ ಕಾಯಿಲೆಯಿಲ್ಲದ ನಲವತ್ತರ ಹೆಂಗಸಿಗೆ ಸಾವಿನ ಅಪಾಯ ಸಾವಿರಕ್ಕೆ ಒಂದು ಎಂದಿಟ್ಟುಕೊಳ್ಳಿ. ಒಂದೂವರೆ ಪಟ್ಟಾದರೆ ಹೆಚ್ಚಾದದ್ದು ಎರಡು ಸಾವಿರಕ್ಕೆ ಒಂದು. ಹೃದಯವೂ ಮೂತ್ರಪಿಂಡವೂ ಸೋತ ಎಂಬತ್ತರ ಮುದುಕರಿಗೆ ಅಪಾಯ ನೂರಕ್ಕೆ ನಾಲ್ಕು ಎನ್ನೋಣ. ಅದೇ ಒಂದೂವರೆ ಪಟ್ಟು ಇಲ್ಲಿ ನೂರಕ್ಕೆ ಇನ್ನೆರಡು ಜೀವಗಳನ್ನು ತೆಗೆದುಕೊಳ್ಳುತ್ತದೆ. ಗುಣಕ ಒಂದೇ ಆದರೂ ಇಬ್ಬರಿಗೆ ಕೊಡಬೇಕಾದ ಸಲಹೆ ಬೇರೆ ಬೇರೆ.

ಅದೇ ಅಧ್ಯಯನದ ಇನ್ನೊಂದು ವಿವರವನ್ನು ನೀವು ಗಮನಿಸಬೇಕು. ಅಲ್ಲಿ ಆಸ್ಪತ್ರೆಗಳನ್ನು ವಿಂಗಡಿಸಿದ್ದು ಹಾಸಿಗೆಗಳ ಲೆಕ್ಕದಿಂದಲ್ಲ. ವರ್ಷಕ್ಕೆ 244ಕ್ಕಿಂತ ಹೆಚ್ಚು ಪಿತ್ತಕೋಶ ತೆಗೆದ ಆಸ್ಪತ್ರೆಗೆ ‘ಹೆಚ್ಚು ಮಾಡುವ ಆಸ್ಪತ್ರೆ’ ಎಂಬ ಹೆಸರು. ಭಾಗಿಸಿ ನೋಡಿದರೆ ವಾರಕ್ಕೆ ಐದು. ಐವತ್ತು ಹಾಸಿಗೆಯ ಒಂದು ನರ್ಸಿಂಗ್ ಹೋಮಿನಲ್ಲಿ ಒಬ್ಬ ನುರಿತ ಸರ್ಜನ್ ದಿನಕ್ಕೊಂದರಂತೆ ಮಾಡಿದರೆ ಆ ಸಂಸ್ಥೆ ಈ ಅಳತೆಯಲ್ಲಿ ದೊಡ್ಡದಾಯಿತು. ಸಾವಿರ ಹಾಸಿಗೆಯ ಆಸ್ಪತ್ರೆಯಲ್ಲಿ ಕ್ಯಾನ್ಸರು, ಅಪಘಾತ, ಕಸಿ ಇವುಗಳ ನಡುವೆ ಪಿತ್ತಕೋಶಕ್ಕೆ ವಾರಕ್ಕೆರಡೇ ಸರದಿ ಸಿಕ್ಕಿದರೆ ಆ ಮಟ್ಟಿಗೆ ಅದು ಸಣ್ಣದು. ಆಸ್ಪತ್ರೆಯ ಗಾತ್ರ, ಆಸ್ಪತ್ರೆಯಲ್ಲಿ ಆ ಶಸ್ತ್ರಚಿಕಿತ್ಸೆಯ ಸಂಖ್ಯೆ, ಕತ್ತರಿ ಹಿಡಿದ ಕೈಯ ಅನುಭವ ಇವು ಮೂರೂ ಬೇರೆ ಬೇರೆ ಸಂಗತಿಗಳು. ನಮ್ಮ ‘ದೊಡ್ಡಾಸ್ಪತ್ರೆ’ ಎಂಬ ಪದ ಈ ಮೂರನ್ನೂ ಒಂದೇ ಮೂಟೆ ಮಾಡಿಬಿಟ್ಟಿದೆ.

ಆ ಮೂಟೆಯನ್ನು ಬಿಚ್ಚಿದಾಗ ಮೊದಲು ಸಿಗುವುದು ಕೈಯ ಅನುಭವ. ಇಲ್ಲಿಂದ ಎರಡನೆಯ ಭಾಗಕ್ಕೆ, ಅಪಾಯ ಎಲ್ಲಿದೆ ಎಂಬ ಪ್ರಶ್ನೆಗೆ ಬರುತ್ತೇನೆ. ಈ ಶಸ್ತ್ರಚಿಕಿತ್ಸೆಯಲ್ಲಿ ಸಾವು ಬಲು ಅಪರೂಪ. ಶಸ್ತ್ರವೈದ್ಯರ ನಿದ್ದೆ ಕೆಡಿಸುವುದು ಮುಖ್ಯ ಪಿತ್ತನಾಳಕ್ಕೆ ಆಗುವ ಗಾಯ. ಹೊಟ್ಟೆ ಕೊಯ್ದು ಮಾಡುತ್ತಿದ್ದಾಗ ಅದು ಸಾವಿರಕ್ಕೆ ಒಂದೋ ಎರಡೋ ಆಗುತ್ತಿತ್ತು. ಲ್ಯಾಪ್ರೊಸ್ಕೋಪಿ ಬಂದ ಮೇಲೆ ಸಾವಿರಕ್ಕೆ ಮೂರರಿಂದ ಐದಕ್ಕೆ ಏರಿತು. 1991ರಲ್ಲಿ ಅಮೆರಿಕದ ಸದರ್ನ್ ಸರ್ಜನ್ಸ್ ಕ್ಲಬ್ಬಿನವರು 1,518 ರೋಗಿಗಳ ವರದಿ ಕೊಟ್ಟರು. ಪ್ರತಿ ತಂಡದ ಮೊದಲ 13 ರೋಗಿಗಳಲ್ಲಿ ಈ ಗಾಯ ಶೇಕಡ 2.2ರಷ್ಟಿತ್ತು, ಆನಂತರದವರಲ್ಲಿ ಶೇಕಡ 0.1ಕ್ಕೆ ಇಳಿದಿತ್ತು. ನಾಲ್ಕು ವರ್ಷದ ಮೇಲೆ ಬಂದ ಇನ್ನೊಂದು ವಿಶ್ಲೇಷಣೆ 55 ಶಸ್ತ್ರವೈದ್ಯರ 8,839 ಶಸ್ತ್ರಚಿಕಿತ್ಸೆಗಳನ್ನು ನೋಡಿ, ಗಾಯಗಳಲ್ಲಿ ಶೇಕಡ 90ರಷ್ಟು ಆಯಾ ವೈದ್ಯರ ಮೊದಲ 30 ರೋಗಿಗಳಲ್ಲೇ ಆದದ್ದೆಂದು ಹೇಳಿತು. ಮೊದಲ ರೋಗಿಗೆ ಶೇಕಡ 1.7ರಷ್ಟಿದ್ದ ಸಂಭವ ಐವತ್ತನೆಯ ರೋಗಿಯ ಹೊತ್ತಿಗೆ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ ಎಂದು ಅಂದಾಜು ಮಾಡಿತು. ಅನುಭವದ ಲಾಭ ನಿಜ, ಆದರೆ ಅದು ಸಿಗುವುದು ಏಣಿಯ ಮೊದಲ ಮೆಟ್ಟಿಲುಗಳಲ್ಲಿ. ಐವತ್ತು ದಾಟಿದ ಕೈಗೂ ಐನೂರು ದಾಟಿದ ಕೈಗೂ ನಡುವೆ ಅಷ್ಟು ಅಂತರ ಉಳಿಯುವುದಿಲ್ಲ. ಹೊಸಬರು ಆ ಮೊದಲ ಐವತ್ತನ್ನು ಹಿರಿಯರ ಕಣ್ಣೆದುರಿಗೆ ದಾಟಬೇಕೆಂಬ ನಿಯಮ, ಆಸ್ಪತ್ರೆಯ ಗಾತ್ರದ ನಿಯಮಕ್ಕಿಂತ ಹೆಚ್ಚು ಜನರನ್ನು ಉಳಿಸುತ್ತದೆ ಎಂದು ನಾನು ನಂಬಿದ್ದೇನೆ.

ಅನುಭವಿಗಳಿಂದಲೂ ಈ ಗಾಯ ಆಗುವುದುಂಟು. ಏಕೆ ಎಂದು ತಿಳಿಯಬೇಕಾದರೆ ಶಸ್ತ್ರಚಿಕಿತ್ಸೆಯ ಕೋಣೆಯೊಳಗೆ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ. ರೋಗಿಯ ಹೊಕ್ಕುಳದ ಬಳಿ ಒಂದು ರಂಧ್ರ, ಅದರಿಂದ ಕ್ಯಾಮೆರಾ. ಎದೆಗೂಡಿನ ಕೆಳಗೆ ಒಂದು, ಬಲ ಪಕ್ಕೆಯ ಕಡೆ ಇನ್ನೆರಡು; ಅವುಗಳಿಂದ ಸಲಕರಣೆ. ಇಂಗಾಲದ ಡೈಆಕ್ಸೈಡ್ ತುಂಬಿ ಹೊಟ್ಟೆ ಗುಡಾರದಂತೆ ಎದ್ದಿರುತ್ತದೆ. ಪರದೆಯ ಮೇಲೆ ಯಕೃತ್ತಿನ ಕಂದು ಅಂಚು, ಅದರ ಕೆಳಗೆ ನೀಲಿಹಸಿರು ಛಾಯೆಯ ಪಿತ್ತಕೋಶ. ಸಹಾಯಕರು ಅದರ ತುದಿಯನ್ನು ಚಿಮ್ಮಟದಿಂದ ಹಿಡಿದು ರೋಗಿಯ ಬಲಭುಜದ ಕಡೆಗೆ ಎತ್ತಿ ಎಳೆಯುತ್ತಾರೆ. ಪಿತ್ತಕೋಶದ ಕುತ್ತಿಗೆಯಿಂದ ಒಂದು ಸಣ್ಣ ನಾಳ ಹೊರಟು ಮುಖ್ಯ ಪಿತ್ತನಾಳವನ್ನು ಸೇರುತ್ತದೆ. ಕ್ಲಿಪ್ ಹಾಕಿ ಕತ್ತರಿಸಬೇಕಾದದ್ದು ಆ ಸಣ್ಣದನ್ನು. ಉರಿಯೂತವಾಗಿ ಕೊಬ್ಬು ಗಟ್ಟಿಯಾಗಿದ್ದಾಗ, ಎಳೆತದ ರಭಸಕ್ಕೆ ಮುಖ್ಯ ನಾಳವೂ ಸಣ್ಣ ನಾಳದ ಜೊತೆ ಒಂದೇ ಗೆರೆಗೆ ಬಂದು ನಿಲ್ಲುತ್ತದೆ. ಆಗ ಕಣ್ಣಿಗೆ ಕಾಣುವುದು ಒಂದೇ ನಾಳ, ನೇರವಾಗಿ ಪಿತ್ತಕೋಶದಿಂದಲೇ ಇಳಿದು ಬಂದಂತೆ. ಇದೇ ಅದು ಎಂದು ಮನಸ್ಸು ಹೇಳಿಬಿಡುತ್ತದೆ, ಕೈ ನಿರಾಳವಾಗಿ ಕ್ಲಿಪ್ ಹಾಕುತ್ತದೆ. ಲಾರೆನ್ಸ್ ವೇ ಮತ್ತು ಸಂಗಡಿಗರು 252 ಇಂಥ ಗಾಯಗಳನ್ನು ಪರಿಶೀಲಿಸಿ 2003ರಲ್ಲಿ ಬರೆದದ್ದು ಇದನ್ನೇ: ನೂರಕ್ಕೆ 97ರಲ್ಲಿ ತಪ್ಪಿದ್ದು ಕಣ್ಣಿನ ಗ್ರಹಿಕೆ, ಕೈಚಳಕದ ಕೊರತೆ ಇದ್ದದ್ದು ಮೂರರಲ್ಲಿ. ಹಗ್ಗವನ್ನು ಹಾವೆಂದು ಕಂಡವನಿಗೆ ಆ ಕ್ಷಣದಲ್ಲಿ ಅನುಮಾನ ಇರುವುದಿಲ್ಲ ಎಂದು ನಮ್ಮ ವೇದಾಂತಿಗಳು ದೃಷ್ಟಾಂತ ಕೊಡುತ್ತಾರಲ್ಲ, ಇಲ್ಲಿ ನಡೆಯುವುದೂ ಅದೇ. ಮುಖ್ಯ ನಾಳ ಕತ್ತರಿಸಿಹೋದ ರೋಗಿಗೆ ಮುಂದೆ ಯಕೃತ್ತಿನ ನಾಳಕ್ಕೆ ಕರುಳನ್ನೇ ಜೋಡಿಸುವ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಮತ್ತೆ ಮತ್ತೆ ಜ್ವರ, ಕಾಮಾಲೆ. ಎರಡು ದಿನಕ್ಕೆಂದು ಬಂದವರಿಗೆ ಜೀವಮಾನವಿಡೀ ಆಸ್ಪತ್ರೆಯ ನಂಟು.

ಇದಕ್ಕೆ ಸ್ಟೀವನ್ ಸ್ಟ್ರಾಸ್‌ಬರ್ಗ್ 1995ರಲ್ಲಿ ಒಂದು ಶಿಸ್ತನ್ನು ಮುಂದಿಟ್ಟರು. ‘ಕ್ರಿಟಿಕಲ್ ವ್ಯೂ ಆಫ್ ಸೇಫ್ಟಿ’ ಎಂದು ಅದರ ಹೆಸರು. ಸುರಕ್ಷತೆಯ ನೋಟ ಎನ್ನಬಹುದು. ನಾಳಗಳಿರುವ ತ್ರಿಕೋನದ ಕೊಬ್ಬನ್ನೂ ನಾರನ್ನೂ ಪೂರ್ತಿ ಬಿಡಿಸಬೇಕು. ಪಿತ್ತಕೋಶದ ಕೆಳಭಾಗದ ಮೂರನೇ ಒಂದನ್ನು ಯಕೃತ್ತಿನಿಂದ ಎಬ್ಬಿಸಬೇಕು. ಪಿತ್ತಕೋಶಕ್ಕೆ ಸೇರುತ್ತಿರುವುದು ಎರಡೇ ಎರಡು, ಒಂದು ನಾಳ ಮತ್ತು ಒಂದು ಅಪಧಮನಿ ಎಂದು ಕಣ್ಣಾರೆ ಕಂಡ ಮೇಲಷ್ಟೇ ಕತ್ತರಿ ಎತ್ತಬೇಕು. ಆ ನೋಟ ಸಿಗದಿದ್ದರೆ ಮುಂದುವರಿಯಬಾರದು. ಪಿತ್ತಕೋಶದ ಒಂದು ಭಾಗವನ್ನು ಅಲ್ಲೇ ಬಿಟ್ಟು ಮುಚ್ಚಬೇಕು, ಹಿರಿಯರನ್ನು ಕರೆಯಬೇಕು, ಅಥವಾ ಹೊಟ್ಟೆ ತೆರೆಯಬೇಕು. ಇದಕ್ಕೆ ಕೋಟಿಗಟ್ಟಲೆ ಬೆಲೆಯ ಯಂತ್ರ ಬೇಡ, ನೂರಾರು ಹಾಸಿಗೆ ಬೇಡ. ಬೇಕಾದದ್ದು ತಾಳ್ಮೆ, ಮತ್ತು ‘ಇವತ್ತು ಇಷ್ಟೇ ಸಾಕು’ ಎನ್ನುವ ಧೈರ್ಯ. ರಂಧ್ರದಿಂದ ಆರಂಭಿಸಿ ಹೊಟ್ಟೆ ತೆರೆದರೆ ಅದನ್ನು ಸೋಲೆಂದು ಕಾಣುವ ಅಭ್ಯಾಸ ವೈದ್ಯರಲ್ಲೂ ಇದೆ, ರೋಗಿಗಳ ಮನೆಯವರಲ್ಲೂ ಇದೆ. ಆ ಅಭ್ಯಾಸ ಹೋಗುವವರೆಗೂ ಎಷ್ಟೋ ನಾಳಗಳು ಸುಮ್ಮನೆ ಕತ್ತರಿಸಿಹೋಗುತ್ತವೆ.

ಗಾತ್ರದ ಪರವಾಗಿ ವಾದಿಸುವವರು ಇಲ್ಲಿ ಒಂದು ಮಾತು ಕೇಳಬಹುದು: ಸಣ್ಣ ಆಸ್ಪತ್ರೆಗಳು ಸುಲಭದ ರೋಗಿಗಳನ್ನು ಇಟ್ಟುಕೊಂಡು ಕಷ್ಟದವರನ್ನು ದೊಡ್ಡ ಕಡೆಗೆ ಸಾಗಹಾಕುತ್ತವಲ್ಲ, ಅವುಗಳ ಫಲಿತಾಂಶ ಚೆನ್ನಾಗಿ ಕಾಣುವುದರಲ್ಲಿ ಏನು ಆಶ್ಚರ್ಯ? ನ್ಯಾಯವಾದ ಪ್ರಶ್ನೆ. ಸ್ಕಾಟ್ಲೆಂಡಿನ ಸಂಶೋಧಕರು ರೋಗಿಗಳ ವಯಸ್ಸು, ಇತರ ಕಾಯಿಲೆ, ತುರ್ತು ಇವನ್ನೆಲ್ಲ ಲೆಕ್ಕಕ್ಕೆ ಹಿಡಿದದ್ದು ಇದಕ್ಕಾಗಿಯೇ. ಆದರೆ ಈ ಪ್ರಶ್ನೆಗೆ ಇನ್ನೊಂದು ಮುಖವೂ ಇದೆ. ಹೆಚ್ಚು ಮಾಡುವುದರಿಂದ ಆಸ್ಪತ್ರೆ ಒಳ್ಳೆಯದಾಗುತ್ತದೆಯೋ, ಒಳ್ಳೆಯದೆಂದು ಹೆಸರಾದ್ದರಿಂದ ರೋಗಿಗಳು ಹೆಚ್ಚುತ್ತಾರೋ? 1979ರ ಪ್ರಬಂಧವೇ ಈ ಅನುಮಾನವನ್ನು ಎತ್ತಿತ್ತು. ಎರಡನೆಯದು ನಿಜವಾದರೆ, ರೋಗಿಗಳನ್ನು ಬಲವಂತವಾಗಿ ಒಂದು ಕಟ್ಟಡಕ್ಕೆ ತುಂಬಿದ ಮಾತ್ರಕ್ಕೆ ಆ ಕಟ್ಟಡ ಒಳ್ಳೆಯದಾಗುವುದಿಲ್ಲ.

ಇನ್ನೊಂದು ಆಕ್ಷೇಪ ನಮ್ಮ ನರ್ಸಿಂಗ್ ಹೋಮುಗಳ ಕಡೆಯಿಂದ ಬರುತ್ತದೆ: ‘ನಮ್ಮಲ್ಲಿ ವರ್ಷಗಳಿಂದ ಒಂದೂ ಅನಾಹುತ ಆಗಿಲ್ಲ.’ ಇದನ್ನು ಹೇಳುವವರು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಆದರೂ ಈ ಮಾತನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ವರ್ಷಕ್ಕೆ 60 ಪಿತ್ತಕೋಶ ತೆಗೆಯುವ ಆಸ್ಪತ್ರೆಯಲ್ಲಿ ಗಾಯದ ನಿಜವಾದ ಪ್ರಮಾಣ ಸಾವಿರಕ್ಕೆ ಮೂರು ಇದ್ದರೆ ಐದೂವರೆ ವರ್ಷಕ್ಕೊಂದು ಗಾಯ ಆಗುತ್ತದೆ. ಪಕ್ಕದ ಊರಿನ ಆಸ್ಪತ್ರೆಯಲ್ಲಿ ಪ್ರಮಾಣ ಇದರ ಎರಡರಷ್ಟು ಎನ್ನಿ. ಮೊದಲನೆಯದಕ್ಕೆ ಹತ್ತು ವರ್ಷದಲ್ಲಿ ಸುಮಾರು ಎಂಟು ವರ್ಷ ಸೊನ್ನೆ. ಎರಡನೆಯದಕ್ಕೂ ಸುಮಾರು ಏಳು ವರ್ಷ ಸೊನ್ನೆಯೇ. ಒಂದು ಎರಡರಷ್ಟು ಅಪಾಯಕಾರಿ ಎಂಬುದು ಹೊರಗಿನವರಿಗೂ ತಿಳಿಯುವುದಿಲ್ಲ, ಒಳಗಿನವರಿಗೂ ತಿಳಿಯುವುದಿಲ್ಲ. ಸಂಖ್ಯಾಶಾಸ್ತ್ರದಲ್ಲಿ ಮೂರರ ನಿಯಮ ಎಂದೊಂದಿದೆ: ನೂರು ಮಂದಿಯಲ್ಲಿ ಒಂದೂ ಗಾಯವಾಗಿಲ್ಲ ಎಂದರೆ ನಿಜವಾದ ಪ್ರಮಾಣ ನೂರಕ್ಕೆ ಮೂರರವರೆಗೂ ಇರಬಹುದು. ಆದ್ದರಿಂದ ಸೊನ್ನೆ ಎಂಬುದು ಸುರಕ್ಷತೆಯ ಪ್ರಮಾಣಪತ್ರವಾಗಲಾರದು, ಒಂದು ಗಾಯ ಎಂಬುದು ಅಪರಾಧದ ಸಾಕ್ಷಿಯೂ ಆಗಲಾರದು. ಒಂಟಿ ಆಸ್ಪತ್ರೆಯ ಲೆಕ್ಕದಿಂದ ಏನೂ ತಿಳಿಯದ ಇಂಥ ಕಡೆ ಎಲ್ಲರ ಲೆಕ್ಕವನ್ನೂ ಒಟ್ಟು ಮಾಡುವುದೊಂದೇ ದಾರಿ. ಸ್ವೀಡನ್ನಿನವರು 2005ರಿಂದ ‘ಗಾಲ್‌ರಿಕ್ಸ್’ ಎಂಬ ರಾಷ್ಟ್ರೀಯ ದಾಖಲೆಯಲ್ಲಿ ಮಾಡುತ್ತಿರುವುದು ಇದನ್ನು. ದೇಶದ ಬಹುಪಾಲು ಪಿತ್ತಕೋಶದ ಶಸ್ತ್ರಚಿಕಿತ್ಸೆಗಳು ಅಲ್ಲಿ ದಾಖಲಾಗುತ್ತವೆ.

ಕೈಯ ಅನುಭವ, ಕಣ್ಣಿನ ಗ್ರಹಿಕೆ ಇವಾದ ಮೇಲೆ ಇನ್ನು ಮೂರನೆಯ ವಿಷಯ, ಕಾಲ. ಗಾತ್ರದ ಚರ್ಚೆಯಲ್ಲಿ ಎಲ್ಲರೂ ಮರೆಯುವುದು ಇದನ್ನೇ. ತೀವ್ರ ಉರಿಯೂತದೊಂದಿಗೆ ಬಂದವರಿಗೆ ಔಷಧಿ ಕೊಟ್ಟು ತಣ್ಣಗೆ ಮಾಡಿ, ಕೆಲವು ವಾರ ಬಿಟ್ಟು ಬನ್ನಿ ಎಂದು ಕಳಿಸುವುದು ಬಹುಕಾಲ ರೂಢಿಯಾಗಿತ್ತು. ಮುಖ್ಯವಾಗಿ ಜರ್ಮನಿಯ ಆಸ್ಪತ್ರೆಗಳಲ್ಲಿ 618 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ದಾಖಲಾದ 24 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ತೊಡಕುಗಳು ಶೇಕಡ 11.8, ಕಾಯಿಸಿ ಮಾಡಿದವರಲ್ಲಿ ಶೇಕಡ 34.4. ಕಲ್ಲಿನಿಂದ ಮೇದೋಜೀರಕದ ಲಘು ಊತ ಬಂದವರ ಮೇಲೆ ನೆದರ್ಲೆಂಡಿನ 23 ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗ 2015ರಲ್ಲಿ ಬಂತು. ಅದೇ ದಾಖಲಾತಿಯಲ್ಲಿ ಪಿತ್ತಕೋಶ ತೆಗೆದರೆ ಮರುದಾಖಲೆ ಅಥವಾ ಸಾವು ಶೇಕಡ 5; ಸುಮಾರು ನಾಲ್ಕು ವಾರ ಬಿಟ್ಟು ಕರೆದರೆ ಶೇಕಡ 17. ಬ್ರಿಟನ್ನಿನ ನೈಸ್ ಸಂಸ್ಥೆ 2014ರಲ್ಲಿ ತೀವ್ರ ಉರಿಯೂತಕ್ಕೆ ಒಂದು ವಾರದೊಳಗೆ ಲ್ಯಾಪ್ರೊಸ್ಕೋಪಿ ಆಗಬೇಕೆಂದು ಹೇಳಿತು. ಈ ಅಂಕಿಗಳನ್ನು ಗಾತ್ರದ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ. ಸಾಧಾರಣ ರೋಗಿಯ ಮಟ್ಟಿಗೆ ಆಸ್ಪತ್ರೆ ಬದಲಿಸುವುದರಿಂದ ಸಿಗುವ ಲಾಭ ಕಣ್ಣಿಗೆ ಕಾಣದಷ್ಟು ಸಣ್ಣದು. ಕಾಯುವುದರಿಂದ ಆಗುವ ನಷ್ಟ ಎದ್ದು ಕಾಣುವಷ್ಟು ದೊಡ್ಡದು. ಇಲ್ಲೇ ಎರಡು ದಿನದಲ್ಲಿ ಸುರಕ್ಷಿತವಾಗಿ ಮಾಡಬಹುದಾದ ರೋಗಿಯನ್ನು ದೂರದ ದೊಡ್ಡಾಸ್ಪತ್ರೆಯ ಆರು ವಾರದ ಸರದಿಗೆ ಕಳಿಸಿದರೆ, ಒಳ್ಳೆಯದು ಮಾಡುತ್ತಿದ್ದೇವೆಂದುಕೊಂಡೇ ಕೆಡುಕು ಮಾಡಿದಂತಾಗುತ್ತದೆ.

ಹಾಗಾದರೆ ದೊಡ್ಡಾಸ್ಪತ್ರೆಗೆ ಇಲ್ಲಿ ಪಾತ್ರವೇ ಇಲ್ಲವೇ? ಇದೆ, ಅದು ಬಹಳ ದೊಡ್ಡದು. 2009ರಲ್ಲಿ ಅಮೀರ್ ಘಫೇರಿ ಮತ್ತು ಸಂಗಡಿಗರು 84,730 ಶಸ್ತ್ರಚಿಕಿತ್ಸೆಗಳನ್ನು ನೋಡಿ ಒಂದು ಮುಖ್ಯ ಸಂಗತಿಯನ್ನು ಬೆಳಕಿಗೆ ತಂದರು. ಸಾವು ಹೆಚ್ಚಿರುವ ಆಸ್ಪತ್ರೆಗೂ ಕಡಿಮೆ ಇರುವ ಆಸ್ಪತ್ರೆಗೂ ತೊಡಕುಗಳ ಪ್ರಮಾಣದಲ್ಲಿ ಹೆಚ್ಚು ಅಂತರವಿರಲಿಲ್ಲ. ಅಂತರವಿದ್ದದ್ದು ತೊಡಕು ಆದ ಮೇಲೆ ರೋಗಿಯನ್ನು ಉಳಿಸಿಕೊಳ್ಳುವುದರಲ್ಲಿ: ದೊಡ್ಡ ತೊಡಕು ಆದವರಲ್ಲಿ ಒಂದು ಕಡೆ ನೂರಕ್ಕೆ 12.5 ಮಂದಿ ತೀರಿಕೊಂಡರೆ ಇನ್ನೊಂದು ಕಡೆ 21.4. ನಡುರಾತ್ರಿ ರಕ್ತಸ್ರಾವವಾದಾಗ ರಕ್ತ ಸಿಗುವುದು, ತೀವ್ರ ನಿಗಾ ಘಟಕದಲ್ಲಿ ಹಾಸಿಗೆ ಇರುವುದು, ಪಿತ್ತ ಸೋರುತ್ತಿದ್ದರೆ ಬಾಯಿಂದ ಕೊಳವೆ ಇಳಿಸಿ ಸ್ಟೆಂಟ್ ಹಾಕುವ ಇ.ಆರ್.ಸಿ.ಪಿ. ತಜ್ಞರು ಇರುವುದು, ಇವು ದೊಡ್ಡ ಸಂಸ್ಥೆಯ ನಿಜವಾದ ಬಲ. ಇದರಿಂದ ಯಾರು ಮೊದಲೇ ಅಲ್ಲಿಗೆ ಹೋಗಬೇಕೆಂಬುದೂ ಸ್ಪಷ್ಟವಾಗುತ್ತದೆ. ಕಾಮಾಲೆ ಇರುವವರು, ಮುಖ್ಯ ನಾಳದಲ್ಲಿ ಕಲ್ಲು ಸಿಕ್ಕಿಕೊಂಡವರು, ಯಕೃತ್ತು ಗಡುಸಾದವರು, ಹೃದಯ ಅಥವಾ ಮೂತ್ರಪಿಂಡ ಸೋತ ವಯೋವೃದ್ಧರು, ಪಿತ್ತಕೋಶದ ಗೋಡೆ ನೋಡಿ ಕ್ಯಾನ್ಸರಿನ ಅನುಮಾನ ಬಂದವರು. ಕೊನೆಯದರ ಬಗ್ಗೆ ಒಂದು ಮಾತು: ಪಿತ್ತಕೋಶದ ಕ್ಯಾನ್ಸರು ಗಂಗಾ ಬಯಲಿನಲ್ಲಿ ಹೆಚ್ಚು, ದಕ್ಷಿಣದಲ್ಲಿ ಕಡಿಮೆ. ಕಡಿಮೆ ಎಂಬ ಕಾರಣಕ್ಕೆ ತೆಗೆದ ಚೀಲವನ್ನು ಸೂಕ್ಷ್ಮದರ್ಶಕದ ಪರೀಕ್ಷೆಗೆ ಕಳಿಸದೆ ಎಸೆಯುವುದು ಸರಿಯಲ್ಲ.

ಈಗ ನಮ್ಮ ರಾಜ್ಯದ ಮಾತು. ಉತ್ತರ ಕನ್ನಡದ ಜನ ತಮ್ಮ ಜಿಲ್ಲೆಗೆ ಒಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ವರ್ಷಗಳಿಂದ ಕೇಳುತ್ತಿದ್ದಾರೆ. ತುರ್ತಾದರೆ ಅವರು ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಗೋವಾಕ್ಕೋ ಓಡಬೇಕು. ಬೀದರಿನವರಿಗೆ ಹೈದರಾಬಾದು. ಇಂಥ ಕಡೆಗಳಲ್ಲಿ ‘ಎಲ್ಲವೂ ದೊಡ್ಡ ಕೇಂದ್ರದಲ್ಲೇ ಆಗಲಿ’ ಎಂಬ ನೀತಿಯ ಭಾರವನ್ನು ಹೊರುವವರು ರೋಗಿಯ ಮನೆಯವರು: ಪ್ರಯಾಣ, ಜೊತೆಗಿರುವವರ ಊಟ ವಸತಿ, ಕಳೆದುಹೋದ ಕೂಲಿ. ಹೃದಯದ, ಮೇದೋಜೀರಕದ ಶಸ್ತ್ರಚಿಕಿತ್ಸೆಗೆ ಆ ಭಾರವನ್ನು ಹೊರಲೇಬೇಕು, ಅಂಕಿಗಳು ಹಾಗೆ ಹೇಳುತ್ತವೆ. ಸಾಧಾರಣ ಪಿತ್ತಕೋಶದ ಕಲ್ಲಿಗೆ ಅಂಕಿಗಳು ಹಾಗೆ ಹೇಳುವುದಿಲ್ಲ. ಆದ್ದರಿಂದ ನನ್ನ ವಾದ ಇಷ್ಟು: ತಾಲ್ಲೂಕು ಮತ್ತು ಜಿಲ್ಲಾ ಮಟ್ಟದಲ್ಲಿ ಈ ಶಸ್ತ್ರಚಿಕಿತ್ಸೆಯನ್ನು ಬಲಪಡಿಸಬೇಕು, ಅದನ್ನು ವಾರ ವಾರವೂ ಮಾಡುವ ಕೈಗಳಿಗೆ ವಹಿಸಬೇಕು, ಮತ್ತು ಪ್ರತಿಯೊಂದು ಸಣ್ಣ ಆಸ್ಪತ್ರೆಯೂ ಒಂದು ದೊಡ್ಡಾಸ್ಪತ್ರೆಗೆ ಹೆಸರು ಹಿಡಿದು ಜೋಡಣೆಯಾಗಿರಬೇಕು.

ಲೆಕ್ಕ ಇಡುವುದು ನಮ್ಮಂಥ ಕಡೆ ಆಗದ ಕೆಲಸ, ವೈದ್ಯರಿಗೆ ಈಗಲೇ ಕಾಗದಪತ್ರದ ಹೊರೆ ಸಾಕಾಗಿದೆ ಎಂದು ಹೇಳುವವರಿದ್ದಾರೆ. ಹೊರೆಯ ಮಾತು ನಿಜ. ಆದರೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ನಡೆಯುವ ಶಸ್ತ್ರಚಿಕಿತ್ಸೆಗಳ ಬಿಲ್ಲು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ ಹೋಗಿಯೇ ಹೋಗುತ್ತದೆ. ಆ ನಮೂನೆಗೆ ಐದು ಕಲಮು ಸೇರಿಸಿದರೆ ಸಾಕು: ರಂಧ್ರದಲ್ಲೇ ಮುಗಿಯಿತೇ, ಹೊಟ್ಟೆ ತೆರೆಯಬೇಕಾಯಿತೇ, ಸುರಕ್ಷತೆಯ ನೋಟ ಸಿಕ್ಕಿತೇ, ಮೂವತ್ತು ದಿನದೊಳಗೆ ರೋಗಿ ಯಾವುದೇ ಆಸ್ಪತ್ರೆಗೆ ಮರಳಿದರೇ, ನಾಳಕ್ಕೆ ಗಾಯವಾಯಿತೇ. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆ ದರಪಟ್ಟಿಯನ್ನು ಗೋಡೆಗೆ ಹಾಕಬೇಕೆನ್ನುತ್ತದೆ. ಶಸ್ತ್ರಚಿಕಿತ್ಸೆಗೆ ಎಷ್ಟು ಹಣ ಎಂಬುದರ ಜೊತೆಗೆ, ಅದನ್ನು ಇಲ್ಲಿ ಕಳೆದ ವರ್ಷ ಎಷ್ಟು ಮಂದಿಗೆ ಮಾಡಿದ್ದೇವೆ ಎಂಬ ಒಂದು ಸಾಲೂ ಆ ಫಲಕದಲ್ಲಿ ಇರಲಿ. ಹೆಸರು ಹಿಡಿದು ಅವಮಾನಿಸುವ ಪಟ್ಟಿ ಬೇಡ. ಅದು ಬಂದರೆ ವೈದ್ಯರು ಕಷ್ಟದ ರೋಗಿಯನ್ನು ಮುಟ್ಟಲಿಕ್ಕೇ ಹೆದರುತ್ತಾರೆ. ಗಾಯವಾದದ್ದನ್ನು ಬಚ್ಚಿಡದೆ ಅದೇ ದಿನ ದೊಡ್ಡಾಸ್ಪತ್ರೆಗೆ ಫೋನು ಮಾಡಿದ ವೈದ್ಯರಿಗೆ ಕಾನೂನಿನ ರಕ್ಷಣೆ ಸಿಗಬೇಕು. ನಾಳದ ಗಾಯವನ್ನು ತಿಳಿದ ಕೂಡಲೇ ಪರಿಣತರ ಕೈಗೆ ಕೊಟ್ಟರೆ ರೋಗಿಗೆ ಒಳ್ಳೆಯದಾಗುತ್ತದೆ; ಅಲ್ಲೇ ಹೊಲಿದು ನೋಡೋಣ ಎಂದು ಹೊರಟಾಗ ಹೆಚ್ಚು ಕೆಡುತ್ತದೆ.

ಕೊನೆಯದಾಗಿ ಸಭೆಯಲ್ಲಿರುವ ನಾಗರಿಕರಿಗೆ. ನಿಮ್ಮ ಮನೆಯವರಿಗೆ ಪಿತ್ತಕೋಶ ತೆಗೆಯಬೇಕೆಂದು ಹೇಳಿದಾಗ ಆಸ್ಪತ್ರೆಗೆ ಎಷ್ಟು ಮಹಡಿ ಎಂದು ನೋಡುವ ಬದಲು ಸರ್ಜನ್ನರ ಎದುರು ಕುಳಿತು ಕೇಳಿ: ಡಾಕ್ಟರೇ, ತಿಂಗಳಿಗೆ ಇಂಥವು ಎಷ್ಟು ಮಾಡುತ್ತೀರಿ? ಎಷ್ಟು ದಿನದೊಳಗೆ ಮಾಡುತ್ತೀರಿ? ಒಳಗೆ ನಾಳ ಸ್ಪಷ್ಟವಾಗಿ ಕಾಣದಿದ್ದರೆ ಏನು ಮಾಡುತ್ತೀರಿ? ತೊಂದರೆಯಾದರೆ ನಮ್ಮನ್ನು ಯಾವ ಆಸ್ಪತ್ರೆಗೆ, ಯಾರ ಹತ್ತಿರ ಕಳಿಸುತ್ತೀರಿ? ಈ ಪ್ರಶ್ನೆಗಳಿಂದ ಒಳ್ಳೆಯ ವೈದ್ಯರಿಗೆ ಬೇಸರವಾಗುವುದಿಲ್ಲ. ನಾಲ್ಕನೆಯದಕ್ಕೆ ಅವರು ಯೋಚಿಸದೆ ಒಂದು ಆಸ್ಪತ್ರೆಯ ಹೆಸರನ್ನೂ ಅಲ್ಲಿನ ವೈದ್ಯರ ಹೆಸರನ್ನೂ ಹೇಳಿದರೆ, ಆ ಐವತ್ತು ಹಾಸಿಗೆಯ ನರ್ಸಿಂಗ್ ಹೋಮಿನ ಬೆನ್ನಿಗೆ ಒಂದು ದೊಡ್ಡಾಸ್ಪತ್ರೆ ನಿಂತಿದೆ ಎಂದರ್ಥ.